ಕುಂಕುಮಕಟ್ಟು

ಹೊಳೆ ಹೋಗಿ ಸಮುದ್ರಕ್ಕೆ ಬೀಳೋ ಜಾಗದಲ್ಲಿ, ಉಪ್ಪುನೀರಲ್ಲೇ ಬೆಳೆಯೋ ಕಾಂಡ್ಲಾ ಗಿಡಗಳ ನಡುವೆ, ಒಂದು ಕುಸಿದ ಮಣ್ಣಿನ ಕಟ್ಟು ಬಿದ್ಕೊಂಡಿದೆ. ಮಧ್ಯದಲ್ಲಿ ಎರಡು ಚಿರೆಕಲ್ಲಿನ ಕಂಬ. ಕಂಬಗಳ ನಡುವೆ ಬಾಗಿಲಿಲ್ಲ, ಹೊಳೆನೀರು, ಉಪ್ಪುನೀರು ಎರಡೂ ಮಾವನ ಮನೆಗೆ ಬಂದಂಗೆ ಬಂದು ಹೋಗ್ತಾವೆ. ಊರವರು ಇದಕ್ಕೆ ಕುಂಕುಮಕಟ್ಟು ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಕಟ್ಟಿನ ಒಳಗೇ ಊರಿನ ಅಷ್ಟೂ ಭತ್ತದ ಗದ್ದೆ ಇತ್ತಂತೆ. ಸಮುದ್ರ ಉಕ್ಕಿದಾಗ ಅದನ್ನು ಹೊರಗೇ ತಡೀತಿದ್ದದ್ದು ಆ ಕಂಬಗಳ ನಡುವೆ ಇದ್ದ ತೂಬಿನ ಮರದ ಬಾಗಿಲು. ಅದರ ಹಲಗೆಗಳನ್ನು ಒಟ್ಟಿಗೆ ಹಿಡಿದಿದ್ದ ಕಬ್ಬಿಣದ ಪಟ್ಟಿಗಳನ್ನು ಬಡಿದವನು ಊರ ಕಮ್ಮಾರ ಮಾಬ್ಲಾಚಾರಿ. ಬಾಗಿಲಲ್ಲಿ ಕಟ್ಟಮ್ಮ ದೇವಿ ಇದ್ದಾಳೆ ಅಂತ ಊರು ಕೈ ಮುಗೀತಿತ್ತು. ಆಚಾರಿಯೂ ಮುಗೀತಿದ್ದ, ಆದರೆ ಮೊದಲು ಪಟ್ಟಿಗೆ ಹೊನ್ನೆ ಎಣ್ಣೆ ತಿಕ್ಕಿ, ಆಮೇಲೆ. ಒಂದು ಮಳೆಗಾಲ ಅವನಿಗೆ ಜ್ವರ ಹತ್ತಿ, ಬದುಕೋದೇ ಅನುಮಾನ ಅನ್ನೋ ಹಾಗಾಯ್ತು. ಹೆಂಡತಿ ಮಾದೇವಿ ತೂಬಿನ ಹತ್ರ ಹೋಗಿ, ನನ್ನ ಕುಂಕುಮ ಉಳಿಸು ತಾಯಿ ಅಂತ ಹರಕೆ ಹೊತ್ತಳು. ಜ್ವರ ಇಳೀತು. ಮಳೆ ಬಿಟ್ಟ ಮೇಲೆ ಹರಕೆ ತೀರಿಸೋಕೆ ಹೋದವಳಿಗೆ ಕಂಡದ್ದೇನು, ಪಟ್ಟಿಯ ಮೈಯೆಲ್ಲಾ ಕೆಂಪು. ಅಮ್ಮ ಕುಂಕುಮ ಇಟ್ಕೊಂಡಿದ್ದಾಳೆ ಅಂತ ಪೂಜೆ ಮಾಡೋ ಗುನಗ ಸಾರಿದ. ಊರ ಹೆಂಗಸರೆಲ್ಲ ಬೆರಳಲ್ಲಿ ಆ ಹುಡಿ ತೆಗೆದು ಹಣೆಗೆ ಹಚ್ಕೊಂಡರು.

ಕಾಲಿನ ಮೇಲೆ ನಿಲ್ಲೋ ಹಾಗಾದ ತಕ್ಷಣ ಆಚಾರಿ ಅಲ್ಲಿಗೆ ಓಡಿದ. ಆ ಹುಡಿಯನ್ನು ಕೆರೆದು ಎಣ್ಣೆ ಹಚ್ಚೋಕೆ ಹೊರಟರೆ ಗುನಗ ಕೈ ಹಿಡಿದ. ದೇವಿಯ ಕುಂಕುಮ ಅಳಿಸಿ ಅವಳನ್ನು ವಿಧವೆ ಮಾಡ್ತೀಯಾ ಅಂದ. ಹೊಸ ಪಟ್ಟಿ ಬಡಿದು ಕೊಡ್ತೇನೆ ಅಂದರೆ ಊರ ಯಜಮಾನ ಬೊಮ್ಮ ಗಾಂವಕರ್ ನಕ್ಕುಬಿಟ್ಟ. ತಾಮ್ರದ ಚೊಂಬಿಗೂ ಹಸಿರು ಕಿಲುಬು ಬರ್ತದೆ, ನಮ್ಮನೇಲಿರೋ ಅಜ್ಜನ ಕಾಲದ ಚೊಂಬು ಇನ್ನೂ ತೂತಾಗಿಲ್ಲ, ಜ್ವರ ನಿನ್ನ ತಲೆಗೇರಿದೆ ಆಚಾರಿ ಅಂದ.

"ತಾಮ್ರ ಜಾಣ, ಒಡೆಯಾ," ಅಂದ ಆಚಾರಿ. "ಕಿಲುಬನ್ನೇ ಕಂಬಳಿ ಹಂಗೆ ಹೊದ್ಕೊಂಡು ಒಳಗೆ ಸುಖವಾಗಿರ್ತದೆ. ಕಬ್ಬಿಣದ ಕಂಬಳಿ ಹುಡಿಯಾಗಿ ಉದುರ್ತದೆ. ಗಾಳಿ, ನೀರು ಮತ್ತೆ ಒಳಗೆ ಹೋಗ್ತಾವೆ. ಉಪ್ಪು ಅವಕ್ಕೆ ದಾರಿ ಮಾಡಿಕೊಡ್ತದೆ. ನೀವು ಹಣೆಗೆ ಹಚ್ಚೋದು ಬಾಗಿಲನ್ನೇ."

ಯಾರೂ ಕೇಳಲಿಲ್ಲ. ಹೋಗಲಿ, ಹೆಂಡತಿಯಾದರೂ ಕೇಳಿಯಾಳು ಅಂತ ಮನೆಯಲ್ಲಿ ಬಾಯಿ ತೆಗೆದ. ಮಾದೇವಿ ಜಗಳ ಮಾಡಲಿಲ್ಲ. ಗಂಜಿ ಬಡಿಸ್ತಾ, "ಅಮ್ಮನ ಹಣೆ ಬರಿದು ಮಾಡಿದ್ರೆ ನನ್ನ ಹಣೆ ಉಳೀತದಾ?" ಅಂತ ಮಾತ್ರ ಕೇಳಿದಳು. ಅವಳ ಹುಬ್ಬಿನ ನಡುವೆ ಅದೇ ಹುಡಿ. ಕುಲುಮೆಯಲ್ಲಿ ಎಂಥ ಕಬ್ಬಿಣವನ್ನಾದರೂ ಬಗ್ಗಿಸೋ ಗಂಡಸು ಆ ಮಾತಿನೆದುರು ತಾನೇ ಬಗ್ಗಿ ಗಂಜಿ ಕುಡಿದ.

ಆಮೇಲೆ ಅವನು ದಿನಾ ತೂಬಿಗೆ ಹೋಗಿ, ಪಟ್ಟಿಯನ್ನು ಬೆರಳ ಗೆಣ್ಣಿಂದ ತಟ್ಟಿ ಕಿವಿಗೊಡ್ತಿದ್ದನಂತೆ. ಮೊದಮೊದಲು ಠಣ್ ಅಂತಿತ್ತು. ಬರ್ತಾ ಬರ್ತಾ ಒದ್ದೆ ಮಡಕೆ ಹಂಗೆ ದಬ್ ಅನ್ನೋಕೆ ಶುರುವಾಯ್ತು. ಮರುವರ್ಷ ತೆನೆ ಬಲಿಯೋ ಹೊತ್ತಿಗೆ ಬಂದ ಅಮಾವಾಸ್ಯೆಯ ಉಬ್ಬರದಲ್ಲಿ ಪಟ್ಟಿ ತುಂಡಾಗಿ, ಹಲಗೆಗಳು ಒಂದೊಂದು ದಿಕ್ಕಿಗೆ ತೇಲಿ ಹೋದವು. ಆಚಾರಿ ಬರಿಗೈಯಲ್ಲಿ ಕಟ್ಟಿನ ಮೇಲೆ ನಿಂತು, ಉಪ್ಪುನೀರು ನುಗ್ಗಿ ಗದ್ದೆ ಬೆಳ್ಳಗಾಗೋದನ್ನು ನೋಡಿದ. ಮಾದೇವಿ ಪಕ್ಕದಲ್ಲಿ ನಿಂತು, "ನೀವು ಒಳಗೊಳಗೇ ನಂಬಲಿಲ್ಲ, ಅದಕ್ಕೇ ಅಮ್ಮ ಹೋದಳು," ಅಂದಳು.

ಗದ್ದೆ ಮತ್ತೆ ಆಗಲೇ ಇಲ್ಲ. ಈಗ ಅಲ್ಲಿ ಏಡಿಗಳದ್ದೇ ದರ್ಬಾರು. ಎಡಗಡೆ ಕಂಬಕ್ಕೆ ಪಟ್ಟಿಯ ಒಂದು ತುಂಡು ಅಂಟಿಕೊಂಡಿದೆ, ಹಪ್ಪಳದಷ್ಟು ತೆಳ್ಳಗೆ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಇವತ್ತಿಗೂ ದೋಣಿಯಲ್ಲಿ ಬಂದು ಅದನ್ನು ಬೆರಳಲ್ಲಿ ಒರೆಸಿ ಹಣೆಗೆ ಇಟ್ಕೊಳ್ತಾರೆ. ಪಕ್ಕದಲ್ಲಿ ನಿಂತ ಗಂಡಂದಿರು ಸುಮ್ಮನೆ ಕೈ ಮುಗೀತಾರೆ.