ಸವಾರಿಗೆ ಸಿಕ್ಕ ಒಪ್ಪಿಗೆ

ಮೈಸೂರಿನ ಒಂದು ಪುಟ್ಟ ಕಂಪನಿ ಆಟೋ ಕರೆಯಲು 'ಸವಾರಿ' ಎಂಬ ಆ್ಯಪ್ ಮಾಡಿತು. ಮೇರು ಎಂಬ ದೊಡ್ಡ ಫೋನ್ ಕಂಪನಿ ಅದನ್ನು ತನ್ನ ಆ್ಯಪ್ ಸ್ಟೋರಿಗೆ ಸೇರಿಸಲು ಒಪ್ಪಲೇ ಇಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು. ಮೇರುವಿಗೂ ಅಂಥದೇ ಒಂದು ಆ್ಯಪ್ ಇತ್ತು. ಹೀಗೇ ಆದರೆ ಸವಾರಿಯವರು ಬಾಗಿಲು ಮುಚ್ಚಬೇಕಿತ್ತು.

ಸವಾರಿಯವರು ಬೇಡಿ ಕರೆದ ಮೇಲೆ ಮೇರುವಿನ ಅಧಿಕಾರಿ ದಿವಾಕರ ಪೈ ಅವರ ಕಚೇರಿಗೆ ಬಂದರು. ಕೂರುವ ಮೊದಲೇ, "ನಿಮ್ಮ ಆ್ಯಪ್ ನಮ್ಮ ಮಟ್ಟಕ್ಕಿಲ್ಲ" ಎಂದರು.

ಸವಾರಿಯ ಮಾಲೀಕ ತಲೆ ತಗ್ಗಿಸಿದ. ಆದರೆ ಗ್ರಾಹಕರ ಫೋನ್ ಕರೆಗಳಿಗೆ ಉತ್ತರಿಸುವ ನೀಲವೇಣಿ ತನ್ನ ಮೊಬೈಲ್ ತಂದು ಪೈ ಅವರ ಮುಂದಿಟ್ಟಳು. ಪರದೆಯಲ್ಲಿ ಆ್ಯಪ್ ಹೆಸರಿದ್ದ ಕಡೆ ಕಾಗದದ ಚೂರು ಅಂಟಿಸಿದ್ದಳು.

"ಸಾರ್, ಇದರಲ್ಲಿ ಏನೇನು ಸರಿಯಿಲ್ಲ, ತೋರಿಸಿಕೊಡಿ. ಕಲಿತುಕೊಳ್ತೀವಿ."

ಪೈ ಹುರುಪಿನಿಂದ ಬೆರಳಾಡಿಸಿದರು. "ಅಕ್ಷರ ಕಣ್ಣಿಗೇ ಕಾಣಲ್ಲ. ಆಟೋ ಬೇಡ ಅನ್ನೋಕೆ ಬಟನ್ನೇ ಇಲ್ಲ. ಇಂಥದ್ದನ್ನ ಯಾವನಾದ್ರೂ ಸ್ಟೋರಿಗೆ ಬಿಡ್ತಾನೇನಮ್ಮಾ?"

"ಬಿಟ್ಟಿದ್ದಾರೆ ಸಾರ್" ಎಂದು ನೀಲವೇಣಿ ಕಾಗದ ಕಿತ್ತಳು. ಕೆಳಗೆ 'ಮೇರು ಆಟೋ' ಎಂದಿತ್ತು.

ಪೈ ಸದಾ ಕಾರಿನಲ್ಲಿ ಓಡಾಡುವವರು. ತಮ್ಮದೇ ಕಂಪನಿಯ ಆಟೋ ಆ್ಯಪನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಅವರ ಮುಖ ಕೆಂಪಾಯಿತು. ಆಮೇಲೆ ಪೈ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಈಗ ನಾನು ಏನಂತ ವರದಿ ಬರೀಲಿ? ನೀನೇ ಹೇಳಮ್ಮ."

"ಏನು ಬೇಕಾದ್ರೂ ಬರೀರಿ ಸಾರ್. ನಮ್ಮ ಆ್ಯಪ್ ಬಗ್ಗೆ ಬರೆದದ್ದನ್ನೇ ನಿಮ್ಮದರ ಬಗ್ಗೆಯೂ ಬರೀರಿ, ಅಷ್ಟೇ."

ಅಂದು ಸಂಜೆಯೇ ಸವಾರಿಗೆ ಒಪ್ಪಿಗೆ ಬಂತು.