ಕಂಬದ ಹಿಂದೆ

ಹಾಲಯ್ಯ ಗುರುಗಳ ಆಶ್ರಮಕ್ಕೆ ಬಂದು ತಿಪ್ಪೇಶನಿಗೆ ಏಳು ತಿಂಗಳಾಗಿತ್ತು. ಇದಕ್ಕೂ ಹಿಂದೆ ಅವನು ಇಷ್ಟು ದಿನ ಎಲ್ಲೂ ನಿಂತವನಲ್ಲ.

ಮೊದಲು ಎರಡು ಮಠಗಳಲ್ಲಿದ್ದ. ಎರಡೂ ಕಡೆ ಯಾರೂ ಅವನನ್ನು ಹೊರಗೆ ಹಾಕಲಿಲ್ಲ. ಏನಾದರೊಂದು ತಪ್ಪಾಗುತ್ತಿತ್ತು. ಅದು ಹಿರಿಯರ ಕಿವಿಗೆ ಬೀಳುವ ಮೊದಲೇ ಅವನು ಹೇಳದೆ ಕೇಳದೆ ಹೊರಟುಬಿಡುತ್ತಿದ್ದ.

ಇಲ್ಲಿ ಹಾಗೆ ಆಗಬಾರದೆಂದು ಅವನಿಗೆ ಬಹಳ ಆಸೆಯಿತ್ತು. ಆಸೆ ಹೆಚ್ಚಾದಷ್ಟೂ ಭಯವೂ ಹೆಚ್ಚಾಗುತ್ತಿತ್ತು.

ಆಶ್ರಮ ಇದ್ದದ್ದು ತುಂಗಭದ್ರೆಯ ದಂಡೆಯಲ್ಲಿ. ಒಂದು ಭಜನೆಯ ಪಡಸಾಲೆ, ಒಂದು ಅಡುಗೆಮನೆ, ನಾಲ್ಕಾರು ಕೋಣೆಗಳು. ಹಿತ್ತಲಲ್ಲಿ ಕಾಳಿನ ಚೀಲಗಳನ್ನಿಡುವ ಕತ್ತಲೆ ಕೋಣೆಯೊಂದಿತ್ತು. ಬೀದಿನಾಯಿಯೊಂದು ಅಲ್ಲೇ ಮರಿ ಹಾಕಿ, ಹಾವು ಕಚ್ಚಿ ಸತ್ತಿತು. ಉಳಿದದ್ದು ಒಂದೇ ಮರಿ. ಕೆಂಚು ಬಣ್ಣದ ಹೆಣ್ಣು.

ಗುರುಗಳು ಅದನ್ನು ಎತ್ತಿ ತಿಪ್ಪೇಶನ ಕೈಗಿಟ್ಟು, ನೋಡಿಕೋ ಎಂದರು. ಅವರು ಅವನಿಗೆ ಒಪ್ಪಿಸಿದ ಮೊದಲ ಕೆಲಸ ಅದು.

ಅಡುಗೆಮನೆಯ ಯಜಮಾನಿಕೆ ಕೊಟ್ರಮ್ಮನದು. ಮೂವತ್ತು ವರ್ಷದಿಂದ ಆಶ್ರಮದ ಒಲೆ ಹಚ್ಚುತ್ತಿದ್ದವಳು. ಮರಿಗೆ ಕೆಂಚಿ ಎಂದು ಹೆಸರಿಟ್ಟವಳೂ ಅವಳೇ. ಎರಡು ತಿಂಗಳು ಹಾಲು ಅನ್ನ ಹಾಕಿ ಬದುಕಿಸಿದಳು.

ಕೆಂಚಿ ಬೆಳೆಯಿತು. ಓಡಾಡಿತು. ಆದರೆ ಹೊರಗೆ ಮಾತ್ರ ಉಚ್ಚೆ ಹೊಯ್ಯಲಿಲ್ಲ. ರಾತ್ರಿ ಅದು ಮಲಗುತ್ತಿದ್ದ ಪಡಸಾಲೆಯ ಮೂಲೆಯ ಕಂಬದ ಹಿಂದೆ ಹಳೆಯ ಗೋಣಿಚೀಲ ಹಾಸಿತ್ತು. ಅದರ ಎಲ್ಲ ಕೆಲಸವೂ ಅಲ್ಲೇ.

ಒಂದು ಸೋಮವಾರ ಸಂಜೆ ಭಜನೆಗೆ ಬಂದ ಮುದುಕಿಯೊಬ್ಬಳು ಆ ಗೋಣಿಯ ಮೇಲೆ ಕಂಬಕ್ಕೆ ಒರಗಿ ಕೂತಳು. ಎದ್ದಾಗ ಸೀರೆ ಒದ್ದೆಯಾಗಿತ್ತು.

ಮುದುಕಿ ಸೆರಗು ಮುಚ್ಚಿಕೊಂಡು ಹೊರಟುಹೋದಳು. ಕೊಟ್ರಮ್ಮನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಜನ ಹಣೆ ಹಚ್ಚಿ ನಮಸ್ಕಾರ ಮಾಡುವ ನೆಲ ಎಂದಳು. ಮುಂದಿನ ಸೋಮವಾರದೊಳಗೆ ಮರಿ ಹೊರಗೆ ಹೋಗುವುದನ್ನು ಕಲಿಯಬೇಕು. ಇಲ್ಲವಾದರೆ ಹಾಲು ತರುವ ಪರಸಪ್ಪನ ಬುಟ್ಟಿಯಲ್ಲಿ ಹಾಕಿ ಕಳಿಸುವುದೇ. ಅವನು ಸಂತೆಯೂರಿನ ಹೋಟೆಲಿನ ಹಿಂದೆ ಬಿಟ್ಟು ಬರುತ್ತಾನೆ, ಎಂಜಲು ತಿಂದು ಬದುಕಿಕೊಳ್ಳಲಿ ಎಂದಳು.

ಹೋಟೆಲಿನ ಹಿಂದೆ ಎಂಥ ನಾಯಿಗಳಿರುತ್ತವೆ ಎಂಬುದು ತಿಪ್ಪೇಶನಿಗೆ ಗೊತ್ತಿತ್ತು. ಎರಡು ತಿಂಗಳ ಮರಿ ಅಲ್ಲಿ ಒಂದು ದಿನವೂ ಉಳಿಯುವುದಿಲ್ಲ.

ಅವನು ಗುರುಗಳ ಕಡೆ ನೋಡಿದ. ಅವರು ಕೊಟ್ರಮ್ಮನ ಮಾತಿಗೆ ಒಪ್ಪಿ ತಲೆಯಾಡಿಸಿ ಒಳಗೆ ಹೋದರು.

ಮರುದಿನ ಬೆಳಗ್ಗೆ ಅವನು ಕೆಂಚಿಯನ್ನು ಹೊಂಗೆಮರದ ಕೆಳಗೆ ಇಳಿಸಿ, ಎದುರಿಗೆ ನಿಂತ. ಕೆಂಚಿ ಮಣ್ಣು ಮೂಸಿತು. ಒಂದು ಎಲೆಯನ್ನು ಕಚ್ಚಿ ಬಿಟ್ಟಿತು. ಆಮೇಲೆ ಕೂತು ಅವನ ಮುಖವನ್ನೇ ನೋಡಿತು.

ಅವನೂ ಅದರ ಮುಖವನ್ನೇ ನೋಡಿದ. ಬಿಸಿಲು ಮರದ ಬುಡದವರೆಗೆ ಬಂತು. ಏನೂ ಆಗಲಿಲ್ಲ.

ಒಳಗೆ ತಂದು ಬಿಟ್ಟ. ನೀರಿನ ತಂಬಿಗೆ ಇಟ್ಟು ತಿರುಗುವಷ್ಟರಲ್ಲಿ ಕಂಬದ ಹಿಂದೆ ಒದ್ದೆಯಾಗಿತ್ತು.

ಮೂತಿಯನ್ನು ಒದ್ದೆಗೆ ಒತ್ತಿ ಒಂದು ಏಟು ಬಿಟ್ಟರೆ ಬುದ್ಧಿ ಬರುತ್ತದೆ ಎಂದು ಊರಿನವರು ಯಾರೋ ಹೇಳಿದ್ದರು. ತಿಪ್ಪೇಶ ಹಾಗೇ ಮಾಡಿದ. ಕೆಂಚಿ ಕುಂಯ್ ಎಂದು ಗೋಡೆಯ ಮೂಲೆ ಸೇರಿತು. ಯಾರಾದರೂ ನೋಡಿಬಿಟ್ಟಾರು ಎಂದು ಅವನು ಬಾಗಿಲ ಕಡೆ ತಿರುಗಿ ನೋಡಿದ.

ಬುಧವಾರವೂ ಹಾಗೇ ಆಯಿತು. ಗುರುವಾರವೂ ಹಾಗೇ.

ಹೊರಗೆ ನಿಲ್ಲಿಸಿದಷ್ಟು ಹೊತ್ತೂ ಅದು ತಡೆದುಕೊಳ್ಳುತ್ತಿತ್ತು. ಹಿಂಗಾಲು ನಡುಗಿದರೂ ತಡೆದುಕೊಳ್ಳುತ್ತಿತ್ತು. ಬೈದರೆ ತಲೆ ತಗ್ಗಿಸುತ್ತಿತ್ತು. ಅವನ ಕಣ್ಣು ತಪ್ಪಿದ್ದೇ ತಡ, ಕಂಬದ ಹಿಂದೆ ಓಡುತ್ತಿತ್ತು.

ಈಗ ತಿಪ್ಪೇಶ ಎಲ್ಲರಿಗಿಂತ ಮೊದಲು ಎದ್ದು, ಬೇವಿನ ಸೊಪ್ಪು ಕುದಿಸಿದ ನೀರಿನಿಂದ ಆ ಮೂಲೆಯನ್ನು ಒರೆಸುತ್ತಿದ್ದ. ಒರೆಸಿದ ಬಟ್ಟೆಯನ್ನು ನದಿಯಲ್ಲಿ ಜಾಲಿಸಿ, ಬಂಡೆಯ ಆಚೆ ಯಾರಿಗೂ ಕಾಣದ ಹಾಗೆ ಒಣಹಾಕುತ್ತಿದ್ದ. ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಿದ್ದ. ಧ್ಯಾನಕ್ಕೆ ಕೂತರೆ ಕಿವಿ ಮೂಲೆಯ ಕಡೆಗೇ ಇರುತ್ತಿತ್ತು.

ಗುರುವಾರ ಸಂಜೆ ಸ್ನಾನಕ್ಕೆ ಇಳಿದಾಗ ಗುರುಗಳು ಕೇಳಿದರು.

"ಮರಿ ಹೇಗಿದೆ?"

"ಚೆನ್ನಾಗಿದೆ ಬುದ್ಧಿ. ಕಲಿಯುತ್ತಿದೆ."

"ಹೌದು, ಕಲಿಯುತ್ತಿದೆ" ಎಂದು ಅವರು ನೀರಿಗೆ ಇಳಿದರು.

ಆ ಮಾತಿನ ಅರ್ಥವೇನೆಂದು ತಿಪ್ಪೇಶ ಕತ್ತಲಾಗುವವರೆಗೂ ಯೋಚಿಸಿದ. ಅವರಿಗೆ ಗೊತ್ತಾಗಿಬಿಟ್ಟಿದೆಯೇ? ಗೊತ್ತಾಗಿದ್ದರೆ ಸುಮ್ಮನೇಕಿದ್ದಾರೆ? ಒಂದು ನಾಯಿಮರಿಗೆ ಕಲಿಸಲಾಗದವನಿಗೆ ದೀಕ್ಷೆ ಕೊಡುತ್ತಾರೆಯೇ?

ಶುಕ್ರವಾರ ಅವನಿಗೆ ಇನ್ನೊಂದು ಉಪಾಯ ಹೊಳೆಯಿತು. ನೀರು ಕುಡಿದರೆ ತಾನೇ ಉಚ್ಚೆ. ಬೆಳಗ್ಗೆ ಕೆಂಚಿಯ ಮಡಕೆಯ ನೀರು ಚೆಲ್ಲಿ, ಮಡಕೆಯನ್ನು ಬೋರಲು ಹಾಕಿದ. ಹಾಲಿನ ಅನ್ನದ ಬದಲು ಒಣ ರೊಟ್ಟಿ ಹಾಕಿದ.

ಆ ಸಂಜೆ ಕಂಬದ ಹಿಂದೆ ಒಣಗಿತ್ತು. ವಾರದಲ್ಲಿ ಮೊದಲ ಸಲ ಅವನು ಹೊಟ್ಟೆ ತುಂಬ ಉಂಡ.

ಶನಿವಾರವೂ ನೀರಿಡಲಿಲ್ಲ. ಬೇಸಿಗೆಯ ದಿನ. ಮಧ್ಯಾಹ್ನ ಹಿತ್ತಲಿಗೆ ಹೋದಾಗ ಕೆಂಚಿ ಬೋರಲು ಮಡಕೆಯ ಪಕ್ಕ ಬಿದ್ದಿತ್ತು. ಕರೆದರೆ ಕಿವಿ ಆಡಲಿಲ್ಲ. ಎತ್ತಿಕೊಂಡರೆ ಒದ್ದೆ ಬಟ್ಟೆಯ ಹಾಗೆ ಕೈಯಿಂದ ಜೋತುಬಿತ್ತು.

ಅವನು ಗುರುಗಳ ಕೋಣೆಗೆ ಓಡಿದ. ಬಿಸಿಲು ಬಡಿದಿದೆ ಎಂದ. ನೀರಿನ ಸಂಗತಿ ಬಾಯಿಗೆ ಬರಲಿಲ್ಲ.

ಗುರುಗಳು ಮರಿಯ ತುಟಿ ಸರಿಸಿ ಒಸಡು ಮುಟ್ಟಿ ನೋಡಿದರು. ತಮ್ಮ ವಸ್ತ್ರದ ಅಂಚನ್ನು ನೀರಿನಲ್ಲಿ ಅದ್ದಿ ಅದರ ಬಾಯಿಗೆ ಹಿಂಡಿದರು. ಮತ್ತೆ ಅದ್ದಿದರು, ಮತ್ತೆ ಹಿಂಡಿದರು. ಬಹಳ ಹೊತ್ತಾದ ಮೇಲೆ ಒಂದು ನಾಲಿಗೆ ಹೊರಗೆ ಬಂದು ಬಟ್ಟೆಯನ್ನು ನೆಕ್ಕಿತು.

ತಿಪ್ಪೇಶ ಓಡಿಹೋಗಿ ಬಟ್ಟಲಲ್ಲಿ ನೀರು ತಂದಿಟ್ಟ.

ಬಿಸಿಲು ಇಳಿಯುವ ಹೊತ್ತಿಗೆ ಕೆಂಚಿ ತಾನಾಗಿಯೇ ಬಟ್ಟಲಿನಿಂದ ಕುಡಿಯಿತು. ಒಮ್ಮೆ, ಎರಡು ಸಲ, ಮೂರು ಸಲ. ತಿಪ್ಪೇಶ ಆಗ ಬಾಯಿಬಿಟ್ಟ.

"ಇದಕ್ಕೆ ಏನು ಮಾಡಿದರೂ ತಲೆಗೆ ಹತ್ತುತ್ತಿಲ್ಲ ಬುದ್ಧಿ. ಏನೂ ಕಲಿತಿಲ್ಲ. ಮೊನ್ನೆ ನಿಮಗೆ ಸುಮ್ಮನೆ ಹೇಳಿದೆ."

"ನಿನ್ನ ಬಲಗೈ ಮೇಲೆತ್ತು" ಎಂದರು ಗುರುಗಳು.

ಅವನು ಎತ್ತಿದ.

ಇನ್ನೂ ಸರಿಯಾಗಿ ಕಾಲೂರಲಾಗದಿದ್ದ ಕೆಂಚಿ ಕಿವಿ ಮಡಚಿ ನೆಲಕ್ಕೆ ಅಂಟಿಕೊಂಡಿತು. ಅದರ ಕಣ್ಣು ಆ ಕೈಯನ್ನು ಬಿಟ್ಟು ಕದಲಲಿಲ್ಲ.

ಗುರುಗಳು ತಮ್ಮ ಕೈ ಎತ್ತಿದರು. ಕೆಂಚಿ ಅವರ ಕಡೆ ನೋಡಿ ಬಾಲ ಅಲ್ಲಾಡಿಸಿತು.

ತಿಪ್ಪೇಶ ಎತ್ತಿದ ಕೈಯನ್ನು ಎಲ್ಲಿ ಇಡುವುದೆಂದು ತಿಳಿಯದೆ ನಿಂತ.

"ಕಲಿತಿದೆ" ಎಂದರು ಗುರುಗಳು. "ನಿನ್ನ ಕಣ್ಣೆದುರು ಮಾಡಬಾರದು ಅಂತ ಕಲಿತಿದೆ. ಹೊರಗೆ ನೀನು ಕಣ್ಣೆದುರೇ ನಿಂತಿರುತ್ತೀಯ. ಕಂಬದ ಹಿಂದೆ ಮಾತ್ರ ನೀನಿರುವುದಿಲ್ಲ."

ಆಮೇಲೆ ಅವರು ಎದ್ದು ಪಡಸಾಲೆಗೆ ಹೋದರು. ಕಂಬದ ಹಿಂದಿನ ನಾರುವ ಗೋಣಿಚೀಲವನ್ನು ತಾವೇ ಎತ್ತಿ ಹೆಗಲ ಮೇಲೆ ಹಾಕಿಕೊಂಡರು. ಅಡುಗೆಮನೆಯ ಬಾಗಿಲಲ್ಲಿದ್ದ ಕೊಟ್ರಮ್ಮ ಮೂಗು ಮುಚ್ಚಿಕೊಂಡು ನೋಡಿದಳು. ಗುರುಗಳು ಅವಳ ಹತ್ತಿರ ಒಂದು ಹಿಡಿ ಮಂಡಕ್ಕಿ ಕೇಳಿ ಇಸಿದುಕೊಂಡು, ನದಿಯ ಕಡೆ ನಡೆದರು. ತಿಪ್ಪೇಶ ಕೆಂಚಿಯನ್ನು ಎತ್ತಿಕೊಂಡು ಹಿಂದೆ ಹೋದ.

ಮರಳಿನ ಮೇಲೆ ಗೋಣಿಚೀಲ ಹಾಸಿದರು. ಮರಿಯನ್ನು ಅದರ ಪಕ್ಕ ಬಿಟ್ಟರು. ಹತ್ತು ಹೆಜ್ಜೆ ಆಚೆ ನದಿಗೆ ಮುಖ ಮಾಡಿ ಕೂತರು. ಮರಿ ಇಬ್ಬರ ಬೆನ್ನ ಹಿಂದೆ ಇತ್ತು.

ತಿಪ್ಪೇಶ ತಿರುಗಿ ನೋಡಿದ.

"ನೋಡಬೇಡ" ಎಂದರು.

ಓಡಿಹೋದರೇನು ಮಾಡುವುದೆಂದು ಅವನು ಕೇಳಿದ. ಗುರುಗಳು ಅವನ ಊರು ಯಾವುದೆಂದು ಕೇಳಿದರು. ಮನೆಯಲ್ಲಿ ಯಾರಿದ್ದಾರೆ, ಅವ್ವ ಬದುಕಿದ್ದಾಗ ಏನು ಅಡುಗೆ ಮಾಡುತ್ತಿದ್ದಳು ಎಂದು ಕೇಳಿದರು. ಏಳು ತಿಂಗಳಲ್ಲಿ ಅವರು ಇದನ್ನೆಲ್ಲ ಕೇಳಿರಲಿಲ್ಲ.

ತಿಪ್ಪೇಶ ಮೊದಲು ಒಂದೊಂದೇ ಮಾತಿನಲ್ಲಿ ಹೇಳಿದ. ಅವ್ವ ಅವರೆಕಾಳಿನ ಸಾರು ಮಾಡುತ್ತಿದ್ದಳು ಎಂದ. ಕಾಳು ಹಿಚುಕುವಾಗ ತನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು ಎಂದ. ಒಂದು ಸಲ ತಾನು ಇಡೀ ಬೋಗುಣಿ ಕಾಳನ್ನು ಮಣ್ಣಿಗೆ ಚೆಲ್ಲಿದ್ದು ನೆನಪಾಯಿತು. ಅವ್ವ ಬೈಯಲಿಲ್ಲ. ಇಬ್ಬರೂ ಕೂತು ಒಂದೊಂದೇ ಕಾಳು ಆರಿಸಿದೆವು ಎಂದು ಹೇಳುತ್ತ ಹೇಳುತ್ತ ಅವನು ಮರಿಯನ್ನು ಮರೆತ.

ಹಿಂದೆ ಗೋಣಿಯ ಮೇಲೆ ಸಣ್ಣ ಸದ್ದಾಯಿತು.

ತಿಪ್ಪೇಶನ ಮಾತು ನಿಂತಿತು. ಗುರುಗಳು ಅವನ ಮೊಣಕಾಲಿನ ಮೇಲೆ ಕೈಯಿಟ್ಟರು.

"ತಿರುಗಬೇಡ. ಮುಗಿಸಲಿ."

ಮುಗಿಯಿತು. ಗುರುಗಳು ಅವನ ಅಂಗೈಗೆ ನಾಲ್ಕು ಮಂಡಕ್ಕಿ ಹಾಕಿ, ಕೈಯನ್ನು ನೆಲಕ್ಕೆ ತಾಗಿಸಿ ಹಿಡಿ ಎಂದರು. ಕೆಂಚಿ ಬಹಳ ಹೊತ್ತು ಬರಲಿಲ್ಲ. ಬಂದಾಗಲೂ ಹೊಟ್ಟೆ ಎಳೆದುಕೊಂಡು ಬಂತು. ಮೊದಲ ಮಂಡಕ್ಕಿಯನ್ನು ಕಸಿದುಕೊಂಡು ಹಿಂದೆ ಓಡಿತು. ನಾಲ್ಕನೆಯದನ್ನು ಅಂಗೈ ಮೇಲೇ ತಿಂದಿತು.

ಭಾನುವಾರ ಮೂರು ಸಲ ಅದೇ ಗೋಣಿಯ ಮೇಲಾಯಿತು. ಒಮ್ಮೆ ಗೋಣಿಯಾಚೆ ಬರೀ ಮರಳಿನ ಮೇಲೂ ಆಯಿತು. ತಿಪ್ಪೇಶ ಮಡಕೆ ತುಂಬ ನೀರಿಟ್ಟಿದ್ದ. ಕೊಟ್ರಮ್ಮನಿಗೆ ಹೋಗಿ ಹೇಳಿಬಿಡೋಣ ಎನ್ನಿಸಿತು. ಸೋಮವಾರ ಅವಳೇ ನೋಡಲಿ ಎಂದು ಸುಮ್ಮನಾದ.

ಸೋಮವಾರ ಬೆಳಗ್ಗೆ ಪಡಸಾಲೆಯ ಬಾಗಿಲು ತೆರೆದಾಗ ಕಂಬದ ಹಿಂದೆ ಒದ್ದೆಯಾಗಿತ್ತು.

ಗೋಣಿ ಇರಲಿಲ್ಲ, ಬರೀ ಕಲ್ಲು. ಆ ಕಲ್ಲಿನ ಮೇಲೇ ಹೊಯ್ದಿತ್ತು. ಕೆಂಚಿ ಗೋಡೆಯ ಪಕ್ಕ ಮುದುಡಿಕೊಂಡು ಅವನ ಕೈಯನ್ನು ನೋಡುತ್ತಿತ್ತು.

ಹೊರಗೆ ಪರಸಪ್ಪನ ಸೈಕಲ್ ಬಂದು ನಿಂತಿತು. ಅಡುಗೆಮನೆಯಲ್ಲಿ ಕೊಟ್ರಮ್ಮ ಹಾಲಿನ ಪಾತ್ರೆ ತೆಗೆಯುವ ಸದ್ದಾಯಿತು. ಒರೆಸಲು ಎರಡು ನಿಮಿಷ ಸಾಕಿತ್ತು. ಬಟ್ಟೆ ಕೈಗೆಟುಕುವಷ್ಟು ಹತ್ತಿರವಿತ್ತು. ಅಷ್ಟು ಹೊತ್ತಿಗೇ ಆಚೆ ದಡಕ್ಕೆ ಹೊರಡುವ ದೋಣಿಯವನ ಕೂಗೂ ಕೇಳಿಸಿತು.

ತಿಪ್ಪೇಶ ಬಟ್ಟೆ ಮುಟ್ಟಲಿಲ್ಲ. ಕೆಂಚಿಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದ.

"ಅವ್ವಾ, ಇವತ್ತೂ ಒಳಗೇ ಹೊಯ್ದಿದೆ."

ಕೊಟ್ರಮ್ಮ ತಿರುಗಿ ನೋಡಿದಳು. ಅವನು ನಿಲ್ಲಿಸಲಿಲ್ಲ. ವಾರವೆಲ್ಲ ಹೊಯ್ದಿತ್ತು, ನಾನು ಒರೆಸಿ ಮುಚ್ಚಿಡುತ್ತಿದ್ದೆ ಎಂದ. ಹೊಡೆದೆ ಎಂದ. ಎರಡು ದಿನ ನೀರು ಕೊಡಲಿಲ್ಲ, ಸಾಯುವುದರಲ್ಲಿತ್ತು ಎಂದ. ನಿನ್ನೆ ನಾಲ್ಕು ಸಲ ಹೊರಗೆ ಹೋಗಿತ್ತು ಎಂಬುದನ್ನು ಕೊನೆಯಲ್ಲಿ, ನಂಬಿದರೆ ನಂಬಲಿ ಎನ್ನುವ ಹಾಗೆ ಹೇಳಿದ.

ಕೊಟ್ರಮ್ಮ ಹಾಲಿನ ಪಾತ್ರೆ ಕೆಳಗಿಟ್ಟಳು. ನೀರಿನ ಮಾತು ಕೇಳಿ ಅವಳ ಮುಖ ಗಂಟಿಕ್ಕಿತ್ತು.

"ಬೇವಿನ ನೀರಿನ ವಾಸನೆ ನನಗೆ ಬುಧವಾರವೇ ಬಂದಿತ್ತು ತಮ್ಮಾ" ಎಂದಳು. "ನೀರಿಲ್ಲದೆ ಮಲಗಿಸಿದ್ದೀಯ ಅಂತ ಮಾತ್ರ ಗೊತ್ತಿರಲಿಲ್ಲ."

ಅವನ ಕೈಯಿಂದ ಮರಿಯನ್ನು ಕಿತ್ತುಕೊಂಡಳು. ಹೊರಗೆ ಹೋಗಿ ಪರಸಪ್ಪನಿಗೆ ಏನೋ ಹೇಳಿದಳು. ಸೈಕಲ್ ಬರೀ ಬುಟ್ಟಿಯೊಂದಿಗೆ ಹೋಯಿತು. ವಾಪಸು ಬಂದು, ಇನ್ನೊಂದು ವಾರ ನೋಡುತ್ತೇನೆ ಎಂದಳು. ಅಲ್ಲಿಯವರೆಗೆ ಪಡಸಾಲೆಯ ಬಾಗಿಲು ಹಾಕಿರಬೇಕು, ಮರಿ ಹಗಲೆಲ್ಲ ಅಡುಗೆಮನೆಯ ಜಗಲಿಯಲ್ಲಿ ತನ್ನ ಹತ್ತಿರ ಇರಬೇಕು, ಕರೆದಾಗ ಅವನು ಬಂದು ದಂಡೆಗೆ ಒಯ್ಯಬೇಕು. ಕ್ಷಮಿಸಿದ್ದೇನೆ ಎಂದು ಮಾತ್ರ ಹೇಳಲಿಲ್ಲ.

ತಿಪ್ಪೇಶ ಪಡಸಾಲೆಗೆ ಹೋಗಿ ಬಾಗಿಲು ತೆರೆದಿಟ್ಟುಕೊಂಡೇ ನೆಲ ಒರೆಸಿದ. ಆಮೇಲೆ ನದಿಯ ಹತ್ತಿರ ಗುರುಗಳ ಮುಂದೆ ನಿಂತು, ಕೊಟ್ರಮ್ಮನಿಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದ. ಹಿಂದಿನ ಎರಡು ಮಠಗಳ ಕಥೆಯನ್ನೂ ಹೇಳಿದ. ಹೇಳಿ ಮುಗಿಸಿ, ಹೊರಡು ಎಂಬ ಮಾತಿಗಾಗಿ ತಲೆ ತಗ್ಗಿಸಿ ಕಾದ.

ಗುರುಗಳು ಪಕ್ಕದಲ್ಲಿ ಕೂರಲು ಜಾಗ ಮಾಡಿಕೊಟ್ಟರು.

ಇಬ್ಬರೂ ನೀರು ನೋಡುತ್ತ ಕೂತರು. ಸ್ವಲ್ಪ ಹೊತ್ತಿನ ಮೇಲೆ ಜಗಲಿಯಿಂದ ಕೊಟ್ರಮ್ಮ ಅವನ ಹೆಸರು ಹಿಡಿದು ಕೂಗಿದಳು. ಕೆಂಚಿ ನೆಲ ಮೂಸುತ್ತ ಸುತ್ತುತ್ತಿದೆ, ಬೇಗ ಬಾ ಎಂದು.

ತಿಪ್ಪೇಶ ಎದ್ದ. ಎರಡು ಹೆಜ್ಜೆ ಹೋಗಿ ತಿರುಗಿದ. ಅವನ ದನಿಯಲ್ಲಿ ಭಯ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಇದು ಪೂರ್ತಿ ಕಲಿಯುವುದು ಯಾವಾಗ ಬುದ್ಧಿ? ಇನ್ನು ಒಂದೇ ವಾರ ಇದೆ."

"ಅವಸರ ಮಾಡಬೇಡ ತಿಪ್ಪೇಶಾ" ಎಂದರು ಗುರುಗಳು. "ಅದು ಶನಿವಾರ ಕಲಿಯಲು ಶುರು ಮಾಡಿತು, ನೀನು ಇವತ್ತು. ನಿನಗಿಂತ ಅದೇ ಎರಡು ದಿನ ಮುಂದಿದೆ."