ಕೊನೆಯ ಪೀಪಾಯಿ

"ಗುರುಗಳೇ, ಯಾರೂ ನೋಡದ ತಪ್ಪಿನಿಂದ ಯಾರಿಗೆ ನಷ್ಟ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಅಳಿವೆಯ ದಡದಲ್ಲಿ ಒಂದು ಹಾಯಿದೋಣಿ ಕ್ಲಬ್ಬು ಇತ್ತು. ಅಲ್ಲಿ ಒಬ್ಬ ವಕೀಲ, ಒಬ್ಬ ಔಷಧಿ ಅಂಗಡಿಯವ. ಇಬ್ಬರೂ ಗೆಳೆಯರು. ಭಾನುವಾರ ಬಂತೆಂದರೆ ಒಬ್ಬೊಬ್ಬರೇ ಕೂರುವ ಪುಟ್ಟ ದೋಣಿಗಳಲ್ಲಿ ರೇಸಿಗೆ ಇಳಿಯುತ್ತಿದ್ದರು. ಗೆದ್ದವನು ಸೋತವನನ್ನು ವಾರವಿಡೀ ಗೇಲಿ ಮಾಡುತ್ತಿದ್ದ.

ಆ ಆಟದಲ್ಲಿ ಸೀಟಿ ಊದುವವರಿಲ್ಲ. ಗುರುತಿಗೆಂದು ನೀರಿನಲ್ಲಿ ತೇಲಬಿಟ್ಟ ಪೀಪಾಯಿಗಳ ಆಚೆಯಿಂದ ಬಳಸಿ ಬರಬೇಕು, ಮುಟ್ಟಬಾರದು. ಮುಟ್ಟಿದರೆ, ಮುಟ್ಟಿದವನೇ ದೋಣಿಯನ್ನು ಅಲ್ಲಿ ಒಂದು ಸುತ್ತು ತಿರುಗಿಸಿ ಮುಂದೆ ಹೋಗಬೇಕು. ಅದೇ ಶಿಕ್ಷೆ. ಕೊಡುವವನೂ ಅವನೇ.

ಒಂದು ವರ್ಷ ದೊಡ್ಡ ಕಪ್ಪಿನ ರೇಸಿನಲ್ಲಿ ವಕೀಲನ ದೋಣಿ ಕೊನೆಯ ಪೀಪಾಯಿಗೆ ತಗುಲಿತು. ಅವನು ಹಿಂದೆ ನೋಡಿದ. ಗೆಳೆಯನ ಮುಖಕ್ಕೆ ಹಾಯಿ ಅಡ್ಡ ಇತ್ತು. ವಕೀಲ ಸುತ್ತು ಹಾಕಲಿಲ್ಲ. ಗೆದ್ದ. ಕ್ಲಬ್ಬಿನ ಗೋಡೆಯ ಹಲಗೆಯಲ್ಲಿ ಅವನ ಹೆಸರು ಬಂತು.

ಮುಂದಿನ ಭಾನುವಾರ ಮಂಡಿನೋವು ಎಂದ. ಅದರ ಮುಂದಿನ ಭಾನುವಾರವೂ ಅದೇ. ಶಟಲ್ ಆಡುವಾಗ ಮಾತ್ರ ಆ ಮಂಡಿ ಸರಿ ಇರುತ್ತಿತ್ತು. ಅವನು ಮತ್ತೆ ದೋಣಿ ಹತ್ತಲಿಲ್ಲ. ಆದರೆ ಕ್ಲಬ್ಬಿನ ವಾರ್ಷಿಕ ಊಟದ ದಿನ ಎಲ್ಲರೂ ಒತ್ತಾಯ ಮಾಡಿದರೆ ಆ ರೇಸಿನ ಕತೆ ಹೇಳುತ್ತಿದ್ದ. ವರ್ಷ ಕಳೆದ ಹಾಗೆ ಕತೆಯಲ್ಲಿ ಗಾಳಿ ಜಾಸ್ತಿಯಾಯಿತು. ಇಪ್ಪತ್ತನೇ ವರ್ಷಕ್ಕೆ ಅದು ಚಂಡಮಾರುತವೇ ಆಗಿತ್ತು. ಔಷಧಿ ಅಂಗಡಿಯವ ಕೂತು ಚಪ್ಪಾಳೆ ತಟ್ಟುತ್ತಿದ್ದ.

ನಲವತ್ತನೇ ವರ್ಷ ಕತೆ ಅರ್ಧಕ್ಕೆ ನಿಂತಿತು. ವಕೀಲ ಗೆಳೆಯನನ್ನು ಹೊರಗಿನ ಜಗಲಿಗೆ ಕರೆದುಕೊಂಡು ಹೋದ.

"ಆ ಕಪ್ ನಿನ್ನದು ಮಾರಾಯ. ನನ್ನ ದೋಣಿ ಪೀಪಾಯಿಗೆ ತಾಗಿತ್ತು."

"ಗೊತ್ತುಂಟು. ನಾನು ಬರುವಾಗ ಪೀಪಾಯಿ ಇನ್ನೂ ಕುಣಿಯುತ್ತಾ ಇತ್ತು. ನಿನ್ನ ಚಂಡಮಾರುತಕ್ಕೆ ಆ ದಿನ ಒಂದು ಬೀಡಿ ಆರಿಸುವ ತಾಕತ್ತೂ ಇರಲಿಲ್ಲ."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಸುತ್ತು ಹಾಕಬೇಕಾದವ ನೀನು. ಬರುವ ಭಾನುವಾರ ನೀನೇ ಹೇಳುತ್ತೀ, ನಾಲ್ಕು ಬೈದು ಮತ್ತೆ ರೇಸಿಗೆ ಇಳಿಯುವ ಅಂತ ಕಾದೆ. ನೀನು ದಡ ಬಿಟ್ಟು ಬರಲೇ ಇಲ್ಲವಲ್ಲ. ಕಪ್ ಯಾರಿಗೆ ಬೇಕಿತ್ತು? ನನಗೆ ಬೇಕಿದ್ದದ್ದು ಎದುರಾಳಿ."



ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಹಾಗಾದರೆ ಮರುದಿನವೇ ಇಬ್ಬರೂ ನೀರಿಗೆ ಇಳಿದಿರಬೇಕು, ಅಲ್ಲವೇ?"

"ಇಳಿಯಲು ಹೋದರು ಮಗು, ಆದರೆ ಆ ನಲವತ್ತು ವರ್ಷಗಳಲ್ಲಿ ಇಬ್ಬರ ಕೈಗೂ ಹಾಯಿಯ ಹಗ್ಗ ಹಿಡಿಯುವ ಬಲ ಉಳಿದಿರಲಿಲ್ಲ."